ಕಳೆ ಬಂದ ಊರು

ವಿಮರ್ಶೆಯೆಂದರೆ ಕಾವ್ಯ ನಾಟಕ ಕಾದಂಬರಿಗಳ ಗುಣದೋಷ ವಿವೇಚನೆಯೆಂದೇ ನಾವೆಲ್ಲರೂ ತಿಳಿದುಕೊಂಡು ಬಂದಿದ್ದೇವೆ. ಆದರೆ ಯಾವ ಪಠ್ಯಪುಸ್ತಕದಲ್ಲಿಯೂ ಸೇರದ, ಯಾವ ಬಹುಮಾನಕ್ಕೂ ಹೋಗದ, ಆದರೂ ಕಾವ್ಯಕ್ಕಿಂತ ಹೆಚ್ಚು ಮಂದಿ ನಂಬಿ ಓದುವ ಗದ್ಯವೊಂದು ಉಂಟು. ಅದು ಊರಿನ ಉದ್ಧಾರವನ್ನು ಸಾರುವ ಗದ್ಯ. ಕಂಪೆನಿಯ ಪ್ರಕಟಣೆ, ಪುರಸಭೆಯ ವರದಿ, ಉದ್ಘಾಟನೆಯ ಭಾಷಣ, ಮರುದಿನದ ವೃತ್ತಪತ್ರಿಕೆಯ ಮೊದಲ ಪುಟ, ಇವೆಲ್ಲವೂ ಒಂದೇ ಲೇಖನಿಯಿಂದ ಬಂದಂತಿರುತ್ತವೆ. ಈ ಬರವಣಿಗೆಗೆ ಬೇರೆ ಹೆಸರು ಕಾಣದುದರಿಂದ ನಾವು ಇಲ್ಲಿ ಅದನ್ನು ಆಶಾಗದ್ಯವೆಂದು ಕರೆಯುತ್ತೇವೆ.

ಇದನ್ನು ಪರಿಶೀಲಿಸಬೇಕೆಂಬ ಯೋಚನೆ ನಮಗೆ ಬಂದುದು ಕಾಸರಗೋಡು ಸೀಮೆಯ ಒಂದು ಕನ್ನಡ ಶಾಲೆಯ ಚರ್ಚಾಕೂಟದಲ್ಲಿ. ನಮ್ಮ ಊರು ಮುಂದೆ ಬರಲು ಏನು ಮಾಡಬೇಕು ಎಂಬುದು ಅಂದಿನ ವಿಷಯ. ಒಬ್ಬನು ರೈಲು ಬೇಕೆಂದನು, ಒಬ್ಬಳು ಕಾಲೇಜು ಬೇಕೆಂದಳು. ಹತ್ತನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, ಗುಡ್ಡದ ಗೇರುತೋಟಗಳಲ್ಲಿ ಭಂಗಿಯ ಗಿಡವನ್ನು ಔಷಧಕ್ಕಾಗಿ ಬೆಳೆಯಬೇಕು ಎಂದನು. ಕೂಟವೆಲ್ಲ ಗೊಳ್ಳೆಂದು ನಕ್ಕಿತು. ಮುಖ್ಯೋಪಾಧ್ಯಾಯರು ಮಾತ್ರ ಹುಬ್ಬು ಗಂಟಿಕ್ಕಿದರು. ಹುಡುಗನು ಅಳುಕಲಿಲ್ಲ. ಉತ್ತರಾಖಂಡದಲ್ಲಿ ನಾರಿಗಾಗಿ ಇದನ್ನು ಬೆಳೆಯಲು ೨೦೧೮ರಲ್ಲಿಯೇ ಪರವಾನಗಿ ದೊರೆತುದನ್ನು ಹೇಳಿದನು. ಔಷಧಕ್ಕೂ ಕೈಗಾರಿಕೆಗೂ ಇದರ ಬೇಸಾಯಕ್ಕೆ ಅವಕಾಶವಿರಬೇಕೆಂಬ ವರದಿಯನ್ನು ಹಿಮಾಚಲ ಪ್ರದೇಶದ ವಿಧಾನಸಭೆ ೨೦೨೪ರಲ್ಲಿ ಅಂಗೀಕರಿಸಿದುದನ್ನು ಹೇಳಿದನು. ಕೆನಡಾ ದೇಶದಲ್ಲಿ ಮುಚ್ಚಿಹೋಗಿದ್ದ ಚಾಕೊಲೇಟ್ ಕಾರ್ಖಾನೆಯೊಂದರೊಳಗೆ ಈ ಗಿಡವನ್ನು ಬೆಳೆದು ಒಂದು ಊರಿಗೆ ಊರೇ ಬದುಕಿಕೊಂಡಿತೆಂದು ಮುಗಿಸಿದನು.

ಆ ಕಡೆಯ ಮಾತು ಹುಡುಗನದಲ್ಲವೆಂದು ಕೇಳಿದೊಡನೆ ತಿಳಿಯುವಂತಿತ್ತು. ಅದು ಎಲ್ಲಿಯೋ ಓದಿ ಬಾಯಿಪಾಠ ಮಾಡಿಕೊಂಡ ಆಶಾಗದ್ಯ. ನಕ್ಕವರ ನಗೆಯೂ ಅಷ್ಟೇ ಎರವಲಿನದು. ಈ ಎರಡನ್ನೂ ಮೂಲದಲ್ಲಿಯೇ ಓದಿ ನೋಡೋಣವೆಂದು ನಾವು ಆ ಕೆನಡದ ಊರಿನ ಕಥೆಯನ್ನು ಮೊದಲಿಂದ ಕಡೆಯವರೆಗೆ ಹುಡುಕಿ ಓದಿದೆವು.

ಊರಿನ ಹೆಸರು ಸ್ಮಿತ್ಸ್ ಫಾಲ್ಸ್. ಒಂಟಾರಿಯೊ ಪ್ರಾಂತ್ಯದಲ್ಲಿ, ರಾಜಧಾನಿಯಾದ ಒಟ್ಟಾವಕ್ಕೆ ನೈಋತ್ಯದಲ್ಲಿ, ೧೮೩೨ರಲ್ಲಿ ತೆರೆದ ರಿಡೋ ಕಾಲುವೆಯ ದಂಡೆಯ ಮೇಲಿದೆ. ಜನಸಂಖ್ಯೆ ಒಂಬತ್ತು ಸಾವಿರದ ಆಸುಪಾಸು; ನಮ್ಮ ಕಡೆಯ ಒಂದು ಸಾಮಾನ್ಯ ಪಂಚಾಯತಿಗಿಂತಲೂ ಸಣ್ಣದು. ಅಮೆರಿಕದ ಹರ್ಶಿ ಕಂಪೆನಿ ೧೯೬೦ರ ದಶಕದ ಮೊದಲಲ್ಲಿ ಅಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಕಟ್ಟಿತು. ಊರು ತನ್ನನ್ನು ಒಂಟಾರಿಯೊದ ಚಾಕೊಲೇಟ್ ರಾಜಧಾನಿಯೆಂದು ಕರೆದುಕೊಂಡಿತು. ಬಸ್ಸುಗಟ್ಟಲೆ ಮಕ್ಕಳು ಕಾರ್ಖಾನೆಯನ್ನು ನೋಡಲು ಬರುತ್ತಿದ್ದರು. ೨೦೦೭ರಲ್ಲಿ ಕಂಪೆನಿ ಇದನ್ನು ಮುಚ್ಚುತ್ತೇವೆಂದಿತು. ೨೦೦೮ರ ಕೊನೆಗೆ ಬೀಗ ಬಿತ್ತು. ಸುಮಾರು ೫೦೦ ಮಂದಿಯ ಕೆಲಸ ಹೋಯಿತು. ಅದೇ ಕಾಲಕ್ಕೆ ಅಲ್ಲಿನ ಉಪಕರಣಗಳ ಕಾರ್ಖಾನೆಯೊಂದು ಮುಚ್ಚಿತು. ೨೦೦೯ರಲ್ಲಿ, ಬುದ್ಧಿಮಾಂದ್ಯರಿಗಾಗಿ ಪ್ರಾಂತ್ಯ ಸರ್ಕಾರ ನಡೆಸುತ್ತಿದ್ದ ದೊಡ್ಡ ಆಶ್ರಯಸಂಸ್ಥೆಯೂ ಮುಚ್ಚಿತು. ಎರಡು ವರ್ಷಗಳೊಳಗೆ ಮನೆಯ ಮೂರು ಕಂಬಗಳು ಉರುಳಿದಂತಾಯಿತು. ಇಂಥ ಊರಿನ ಮುಂದೆ ನಿಂತು ಯಾರಾದರೂ ಒಂದು ಒಳ್ಳೆಯ ಸುದ್ದಿ ಹೇಳಿದರೆ ಅವರ ವ್ಯಾಕರಣವನ್ನು ಯಾರು ಪರೀಕ್ಷಿಸುತ್ತಾರೆ?

೨೦೧೩ರಲ್ಲಿ ಆ ಸುದ್ದಿ ಬಂತು. ಟ್ವೀಡ್ ಎಂಬ ಹೊಸ ಕಂಪೆನಿಯೊಂದು ಖಾಲಿಬಿದ್ದ ಚಾಕೊಲೇಟ್ ಕಾರ್ಖಾನೆಯಲ್ಲಿ ಔಷಧದ ಭಂಗಿಯನ್ನು ಬೆಳೆಯುವುದೆಂದು ಗೊತ್ತಾಯಿತು. ೨೦೧೪ರಲ್ಲಿ ಅದರ ಷೇರುಗಳು ಪೇಟೆಗೆ ಬಂದವು. ೨೦೧೫ರಲ್ಲಿ ಅದು ಕ್ಯಾನೊಪಿ ಗ್ರೋತ್ ಎಂಬ ಹೆಸರನ್ನು ತಾಳಿತು.

ನಮ್ಮ ಲಾಕ್ಷಣಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದ್ದಾರೆ. ಆಶಾಗದ್ಯಕ್ಕೆ ಮೂರು ಸಾಕು. ಮೊದಲು ಹಾಳುಬಿದ್ದ ಪುರದ ವರ್ಣನೆ, ಆಮೇಲೆ ನಾಯಕನ ಆಗಮನ, ಆಮೇಲೆ ಸಂಖ್ಯೆಗಳು. ಸ್ಮಿತ್ಸ್ ಫಾಲ್ಸಿನ ವಿಷಯದಲ್ಲಿ ಈ ಮೂರಕ್ಕೂ ಅಲಂಕಾರಪ್ರಾಯವಾಗಿ ಒಂದು ರೂಪಕ ತಾನಾಗಿಯೇ ಒದಗಿಬಂತು. ಚಾಕೊಲೇಟಿನ ಪರಿಮಳವಿದ್ದ ಕಡೆ ಈಗ ಭಂಗಿಯ ಗಂಧ! ಈ ಊರಿನ ಮೇಲೆ ಬರೆದವರಲ್ಲಿ ಇದನ್ನು ಬಿಟ್ಟು ಬರೆದವರು ನಮ್ಮ ಕಣ್ಣಿಗೆ ಬಹುಮಟ್ಟಿಗೆ ಬೀಳಲೇ ಇಲ್ಲ. ಸ್ವಾರಸ್ಯವಾದ ರೂಪಕವೇ ಸರಿ. ಆದರೆ ಉಪಮಾನ ಉಪಮೇಯಗಳಿಗೆ ಸಮಾನಧರ್ಮ ಯಾವುದೆಂದು ಎಂಟನೆಯ ತರಗತಿಯ ವಿದ್ಯಾರ್ಥಿಗೂ ನಾವು ಕೇಳುತ್ತೇವಷ್ಟೆ. ಇಲ್ಲಿ ಅದನ್ನು ಕೇಳಿದವರಿಲ್ಲ. ಬರೆದವರ ಪ್ರಕಾರ ಸಮಾನಧರ್ಮವೆಂದರೆ ಅದೇ ಗೋಡೆ, ಅದೇ ವಾಸನೆ, ಅದೇ ಕೂಲಿ. ನಿಜವಾದ ಸಮಾನಧರ್ಮ ಬೇರೆಯೇ ಇತ್ತು. ಚಾಕೊಲೇಟನ್ನು ಕಡಮೆ ಖರ್ಚಿನಲ್ಲಿ ಮಾಡಬಲ್ಲ ಬೇರೆ ಜಾಗ ಸಿಕ್ಕಿದೊಡನೆ, ಮೆಕ್ಸಿಕೊದಲ್ಲಿ ಹೊಸ ಕಾರ್ಖಾನೆಯನ್ನು ಕಟ್ಟಿಕೊಂಡು, ಹರ್ಶಿ ಕಂಪೆನಿ ಈ ಊರನ್ನು ಬಿಟ್ಟಿತು. ಭಂಗಿಯಾದರೋ ಗಿಡ. ಬೀಜ ಬಿದ್ದಲ್ಲಿ ಏಳುವ ಗಿಡ. ಚಾಕೊಲೇಟಿಗಿಂತಲೂ ಸುಲಭವಾಗಿ ಎಲ್ಲಿ ಬೇಕಾದರೂ ಹೋಗಬಲ್ಲುದು. ರೂಪಕವು ಗೋಡೆಗಳನ್ನು ಹೊತ್ತು ತಂದಿತೇ ಹೊರತು ಗೋಡೆಗಳು ಕಂಡಿದ್ದ ಅನುಭವವನ್ನು ತರಲಿಲ್ಲ. ಕಂಪೆನಿಯ ವಿಳಾಸವೂ ಕಡೆಯವರೆಗೆ ಒಂದನೆಯ ನಂಬರು, ಹರ್ಶಿ ರಸ್ತೆಯೆಂದೇ ಉಳಿದಿತ್ತು.

ಇನ್ನು ಔಷಧವೆಂಬ ಶಬ್ದ. ಈ ಗದ್ಯದ ಬೆನ್ನೆಲುಬು ಅದೇ. ಭಂಗಿಯೆಂದರೆ ಸಭ್ಯರು ಮುಖ ತಿರುಗಿಸುವರು, ಔಷಧದ ಭಂಗಿಯೆಂದರೆ ಪುರಸಭಾಧ್ಯಕ್ಷರು ಹಾರ ಹಿಡಿದು ನಿಲ್ಲುವರು. ನಾವು ಈ ಶಬ್ದವನ್ನು ಹಗುರವಾಗಿ ಕಾಣುವವರಲ್ಲ. ಅದಕ್ಕೆ ದೀರ್ಘವಾದ ಚರಿತ್ರೆಯಿದೆ, ಆ ಚರಿತ್ರೆ ನಮ್ಮ ದೇಶದ ಮೂಲಕವೇ ಹಾದುಹೋಗುತ್ತದೆ. ೧೮೩೯ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ಓಶಾನೆಸಿ ಎಂಬ ಐರಿಷ್ ವೈದ್ಯನು ಇಲ್ಲಿನವರ ಬಳಕೆಯನ್ನು ಕಂಡು, ತಾನೂ ಪ್ರಯೋಗ ಮಾಡಿ, ಈ ಗಿಡದ ಗುಣಗಳನ್ನು ಕುರಿತು ಬರೆದನು. ಸೆಳವಿನಿಂದ ನರಳುತ್ತಿದ್ದ ಒಂದು ಎಳೆಗೂಸಿಗೆ ಇದನ್ನು ಕೊಟ್ಟ ವೃತ್ತಾಂತವೂ ಅದರಲ್ಲಿದೆ. ಪಾಶ್ಚಾತ್ಯ ವೈದ್ಯರು ಈ ಗಿಡವನ್ನು ಗಂಭೀರವಾಗಿ ನೋಡತೊಡಗಿದುದು ಅಂದಿನಿಂದ. ಕೆನಡಾ ೧೯೨೩ರಲ್ಲಿ ಇದನ್ನು ನಿಷಿದ್ಧ ವಸ್ತುಗಳ ಪಟ್ಟಿಗೆ ಸೇರಿಸಿತು. ಆ ನಿಷೇಧದಲ್ಲಿ ಬಿರುಕು ಬಿದ್ದುದು ಒಬ್ಬ ರೋಗಿಯಿಂದ. ಟೊರಾಂಟೊದ ಒಬ್ಬ ಅಪಸ್ಮಾರರೋಗಿ ತನ್ನ ಸೆಳವನ್ನು ಹಿಡಿತದಲ್ಲಿಟ್ಟುಕೊಳ್ಳಲು ಈ ಗಿಡವನ್ನು ಬೆಳೆದು ಸೇದುತ್ತಿದ್ದನು. ಅವನ ಮೇಲೆ ಮೊಕದ್ದಮೆ ನಡೆಯಿತು. ರೋಗಿಗೆ ವಿನಾಯಿತಿಯಿಲ್ಲದ ನಿಷೇಧ ಸಂವಿಧಾನಕ್ಕೆ ಒಪ್ಪದೆಂದು ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ ೨೦೦೦ದಲ್ಲಿ ಹೇಳಿತು. ೨೦೦೧ರ ನಿಯಮಗಳು ಹುಟ್ಟಿದುದು ಇದರಿಂದ. ಆ ನಿಯಮಗಳ ಪ್ರಕಾರ ಅನುಮತಿ ಪಡೆದ ರೋಗಿ ತನ್ನ ಹಿತ್ತಲಲ್ಲಿಯೇ ಬೆಳೆದುಕೊಳ್ಳಬಹುದಾಗಿತ್ತು, ಇಲ್ಲವೆ ಇನ್ನೊಬ್ಬರಿಂದ ಬೆಳೆಸಿಕೊಳ್ಳಬಹುದಾಗಿತ್ತು.

ಈಗ ನಾವು ಮುಟ್ಟಿರುವುದು ಈ ಕಥೆಯ ಮರ್ಮಸ್ಥಾನ. ೨೦೧೩ರಲ್ಲಿ ಹೊಸ ನಿಯಮಗಳು ಬಂದವು. ೨೦೧೪ರ ಏಪ್ರಿಲ್ ಒಂದರಿಂದ ಪರವಾನಗಿಯುಳ್ಳ ಕಂಪೆನಿಗಳು ಮಾತ್ರವೇ ಬೆಳೆದು ಅಂಚೆಯ ಮೂಲಕ ರೋಗಿಗೆ ಮಾರಬೇಕು, ಹಿತ್ತಲ ಬೆಳೆ ನಿಲ್ಲಬೇಕು ಎಂಬುದು ಅವುಗಳ ಸಾರ. ಸ್ಮಿತ್ಸ್ ಫಾಲ್ಸಿನ ಕಾರ್ಖಾನೆಗೆ ಬಾಗಿಲು ತೆರೆದುದು ಇದೇ ನಿಯಮ. ಅಂದರೆ ಊರಿಗೆ ಬಾಳು ಕೊಟ್ಟ ಕೈಯೇ ರೋಗಿಯ ಹಿತ್ತಲ ಗಿಡವನ್ನು ಕೀಳಲು ಹೊರಟಿತ್ತು. ರೋಗಿಗಳು ಸುಮ್ಮನಿರಲಿಲ್ಲ. ಕೊಂಡುಕೊಳ್ಳುವುದು ತಮ್ಮ ಕೈಗೆಟುಕದೆಂದು ನ್ಯಾಯಾಲಯಕ್ಕೆ ಹೋದರು. ೨೦೧೪ರ ಮಾರ್ಚಿಯಲ್ಲಿ ತಾತ್ಕಾಲಿಕ ತಡೆಯನ್ನು ಪಡೆದರು. ೨೦೧೬ರಲ್ಲಿ ಫೆಡರಲ್ ನ್ಯಾಯಾಲಯ ಅವರ ಪಕ್ಷವನ್ನೇ ಎತ್ತಿಹಿಡಿಯಿತು. ಊರಿನ ಉದ್ಧಾರದ ಕಥೆಯೂ ರೋಗಿಗಳ ವ್ಯಾಜ್ಯದ ಕಥೆಯೂ ಒಂದೇ ಕಾಲದಲ್ಲಿ, ಒಂದೇ ಕಾಯಿದೆಯ ಎರಡು ಮಗ್ಗುಲಲ್ಲಿ ನಡೆದವು. ಆಶಾಗದ್ಯದಲ್ಲಿ ಮೊದಲನೆಯದು ಪುಟಪುಟವಾಗಿ ಸಿಗುತ್ತದೆ. ಎರಡನೆಯದನ್ನು ಅಲ್ಲಿ ಹುಡುಕಿ ನಾವು ಸೋತೆವು. ಔಷಧವೆಂಬ ಪದ ವಾಕ್ಯವಾಕ್ಯಕ್ಕೂ ಬರುವ ಕೃತಿಯಲ್ಲಿ ರೋಗಿಯೆಂಬ ಪಾತ್ರವೇ ಇಲ್ಲದಿರುವುದನ್ನು ಔಚಿತ್ಯಭಂಗವೆನ್ನದೆ ಇನ್ನೇನೆನ್ನಬೇಕು? ರಾಮಾಯಣವನ್ನು ಬರೆದು ಸೀತೆಯನ್ನು ಮರೆತಂತೆ.

ಪಾತ್ರವಾಗಿ ಇಲ್ಲದ ರೋಗಿ ಸಂಖ್ಯೆಯಾಗಿ ಉಂಟು. ೨೦೨೪ರ ವೇಳೆಗೆ ಸುಮಾರು ನಾಲ್ಕೂವರೆ ಲಕ್ಷ ರೋಗಿಗಳು, ೧೩೦ ಕೋಟಿ ಡಾಲರುಗಳ ವ್ಯಾಪಾರ, ಇದು ೨೦೧೩ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಹಾಕಿದ ಅಂದಾಜು. ಅಂದಾಜು ಹಾಕುವುದು ಇಲಾಖೆಯ ಕೆಲಸ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಆರೋಗ್ಯ ಇಲಾಖೆಯೊಂದು ಇನ್ನು ಹತ್ತು ವರ್ಷಗಳಲ್ಲಿ ಇಷ್ಟು ಮಂದಿ ಕಾಯಿಲೆಯವರು ಇದನ್ನು ಸೇವಿಸುವರು ಎಂದಾಗ ಒಂದು ಊರು ಚಪ್ಪಾಳೆ ತಟ್ಟಬೇಕಾಗಿ ಬಂದುದು ವಿಲಕ್ಷಣವಾದ ಸಂಗತಿ. ಶವದ ಪೆಟ್ಟಿಗೆ ಮಾಡುವ ಬಡಗಿ ಊರಿಗೆ ಮಾರಿ ಬರಲೆಂದು ಹರಸಿಕೊಳ್ಳುವನೆಂದು ನಾವು ಹೇಳಲಾರೆವು. ಆದರೆ ಅವನ ಮಗನ ಶಾಲೆಯ ಫೀಜು ಅದರ ಮೇಲೆಯೇ ನಿಂತಿದ್ದರೆ ಅವನ ಮನಸ್ಸು ಎತ್ತ ತುಯ್ಯುವುದೆಂಬುದನ್ನು ಯಾರು ಬಲ್ಲರು?

ಷೇರುಪೇಟೆಯಲ್ಲಿ ಕಂಪೆನಿ ತನಗಾಗಿ ಆರಿಸಿಕೊಂಡ ಸಂಕೇತಾಕ್ಷರ 'ವೀಡ್'. ಇಂಗ್ಲಿಷಿನಲ್ಲಿ ಕಳೆಯೆಂದರ್ಥ, ಆಡುಮಾತಿನಲ್ಲಿ ಭಂಗಿಗೂ ಅದೇ ಹೆಸರು. ನಮ್ಮ ಭಾಷೆಯಲ್ಲಿ ಕಳೆಯೆಂದರೆ ಗದ್ದೆಯ ಬೇಡದ ಗಿಡವೂ ಹೌದು, ಮುಖದ ಕಾಂತಿಯೂ ಹೌದು; ಇದ್ದುದನ್ನು ನೀಗಿಕೊಳ್ಳುವುದೂ ಕಳೆಯುವುದೇ. ಸ್ಮಿತ್ಸ್ ಫಾಲ್ಸಿನ ಹತ್ತು ವರ್ಷಗಳ ಚರಿತ್ರೆ ಈ ಮೂರು ಅರ್ಥಗಳಲ್ಲಿ ಕ್ರಮವಾಗಿ ಅಡಗಿದೆ. ಊರಿಗೆ ಕಳೆ ಬಂದುದು ಸುಳ್ಳಲ್ಲ. ಕಂಪೆನಿ ಸಾವಿರಕ್ಕೆ ಮಿಕ್ಕಿ ಜನರಿಗೆ ಅಲ್ಲಿ ಕೆಲಸ ಕೊಟ್ಟಿತು. ಮುಚ್ಚಿದ ಅಂಗಡಿಗಳ ಬಾಗಿಲು ತೆರೆಯಿತು, ಮನೆಗಳ ಬೆಲೆ ಏರಿತು. ಹಿಂದೆ ಚಾಕೊಲೇಟ್ ಕಾರ್ಖಾನೆಯಲ್ಲಿ ದುಡಿದವರಲ್ಲಿ ಕೆಲವರು ಅದೇ ಗೇಟಿನಿಂದ ಮತ್ತೆ ಒಳಗೆ ಹೋದರು. ಸಂಬಳದ ದಿನ ಮನೆಗೆ ತಂದ ಹಣ ನಿಜವಾದ ಹಣವೇ. ಇದನ್ನು ಮರೆತು ನಗುವ ವಿಮರ್ಶಕನು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

೨೦೧೮ರ ಆಗಸ್ಟಿನಲ್ಲಿ ಅಮೆರಿಕದ ಕಾನ್‌ಸ್ಟಲೇಷನ್ ಎಂಬ ಮದ್ಯದ ಕಂಪೆನಿ ಇದರಲ್ಲಿ ೫೦೦ ಕೋಟಿ ಕೆನಡಿಯನ್ ಡಾಲರುಗಳನ್ನು ಹೂಡುವುದಾಗಿ ಸಾರಿತು. ಔಷಧದ ಕಂಪೆನಿಗೆ ಹೆಂಡದ ಕಂಪೆನಿ ಹಣ ಕೊಟ್ಟುದನ್ನು ನೋಡಿದಾಗಲಾದರೂ ಓದುಗರಿಗೆ ಔಷಧ ಶಬ್ದದ ವ್ಯಂಗ್ಯಾರ್ಥ ಹೊಳೆಯಬೇಕಾಗಿತ್ತು. ಅದೇ ವರ್ಷ ಅಕ್ಟೋಬರ್ ೧೭ರಂದು ಕೆನಡಾ ಈ ಗಿಡವನ್ನು ವಿನೋದಕ್ಕಾಗಿಯೂ ಬಳಸಬಹುದೆಂದು ಕಾನೂನು ಮಾಡಿತು. ಕಾರ್ಖಾನೆಯಲ್ಲಿ, ಹಿಂದೆ ಚಾಕೊಲೇಟಿಗೆ ಇದ್ದಂತೆಯೇ, ಪ್ರೇಕ್ಷಕರಿಗಾಗಿ ಒಂದು ಕೇಂದ್ರ ತೆರೆಯಿತು. ಅಂದಿನಿಂದ ಔಷಧವೆಂಬ ಪದ ಈ ಗದ್ಯದಲ್ಲಿ ವಿರಳವಾಗುತ್ತ ಬಂದುದನ್ನು ಯಾರು ಬೇಕಾದರೂ ಗಮನಿಸಬಹುದು. ಏಣಿ ಹತ್ತಿದ ಮೇಲೆ ಏಣಿಯನ್ನು ಒದೆಯುವುದು ನಮ್ಮಲ್ಲಿಯೂ ಇಲ್ಲದ ಪದ್ಧತಿಯಲ್ಲ. ಕಂಪೆನಿಗಳಲ್ಲಿ ಹೆಸರು ನೋಂದಾಯಿಸಿಕೊಂಡ ರೋಗಿಗಳ ಸಂಖ್ಯೆಯೂ ಕೆಲವು ವರ್ಷಗಳಲ್ಲಿ ಇಳಿಯಿತು.

ಇನ್ನು ನಗೆಯ ಸಾಹಿತ್ಯದ ಕಡೆ ತಿರುಗೋಣ. ಮಹಾನಗರದ ಪತ್ರಿಕೆಗಳು ಈ ಊರನ್ನು ಬಹಳ ನಕ್ಕವು. ಅಮಲು, ಹೊಗೆ, ತೇಲುವುದು, ಏರುವುದು, ಇವುಗಳ ಮೇಲಿನ ಶ್ಲೇಷೆಯಿಲ್ಲದ ತಲೆಬರಹ ಅಪರೂಪ. ಒಂದೆರಡನ್ನು ಓದಿದಾಗ ನಮಗೂ ನಗೆ ಬಂತು. ಹತ್ತನೆಯದನ್ನು ಓದುವ ಹೊತ್ತಿಗೆ ನಗೆಗಾರನೂ ಆಶಾವಾದಿಯೂ ಒಂದೇ ಶಾಲೆಯಲ್ಲಿ ಕಲಿತವರೆಂಬುದು ಮನವರಿಕೆಯಾಯಿತು. ಒಬ್ಬನು ಕಟ್ಟಡವನ್ನು ವರ್ಣಿಸುತ್ತಾನೆ, ಇನ್ನೊಬ್ಬನು ಹೊಗೆಯನ್ನು ವರ್ಣಿಸುತ್ತಾನೆ. ಒಳಗೆ ದುಡಿಯುವವಳೂ ಹೊರಗೆ ಕಾಯುವ ರೋಗಿಯೂ ಇಬ್ಬರ ಕಣ್ಣಿಗೂ ಬೀಳುವುದಿಲ್ಲ.

ಇದೇ ಒಂಟಾರಿಯೊದ ಸಣ್ಣ ಊರಿನ ಹಣದ ಕನಸನ್ನು ಹಾಸ್ಯ ಮಾಡುವುದು ಹೇಗೆಂಬುದನ್ನು ನೂರು ವರ್ಷಗಳ ಹಿಂದೆಯೇ ಒಬ್ಬರು ತೋರಿಸಿಕೊಟ್ಟಿದ್ದರು. ಅವರು ಸ್ಟೀಫನ್ ಲೀಕಾಕ್. ಮಾಂಟ್ರಿಯಲ್ಲಿನ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ೧೯೧೨ರಲ್ಲಿ ಅವರು ಪ್ರಕಟಿಸಿದ 'ಸನ್‌ಶೈನ್ ಸ್ಕೆಚಸ್ ಆಫ್ ಎ ಲಿಟಲ್ ಟೌನ್' ಎಂಬ ಪುಸ್ತಕದಲ್ಲಿ ಮಾರಿಪೋಸ ಎಂಬ ಕಲ್ಪಿತ ಊರಿದೆ; ಅದರಲ್ಲಿ ಜೆಫರ್ಸನ್ ಥಾರ್ಪ್ ಎಂಬ ಕ್ಷೌರಿಕನಿದ್ದಾನೆ. ಉತ್ತರದ ಕಾಡುಗಳಲ್ಲಿ ಬೆಳ್ಳಿಯ ಗಣಿಗಳು ಸಿಕ್ಕಿ ಊರಿಗೆಲ್ಲ ಷೇರುಗಳ ಹುಚ್ಚು ಹಿಡಿದ ಕಾಲದಲ್ಲಿ ಅವನು ನಲವತ್ತು ಸಾವಿರ ಡಾಲರುಗಳನ್ನು ಗಳಿಸುತ್ತಾನೆ. ಆಮೇಲೆ ಕ್ಯೂಬಾದ ಭೂಮಿಯ ಹೆಸರಿನ ಮೋಸದ ಕಂಪೆನಿಯೊಂದಕ್ಕೆ ಅದನ್ನೆಲ್ಲ ತೆರುತ್ತಾನೆ. ಮತ್ತೆ ಕತ್ತಿ ಹಿಡಿಯುತ್ತಾನೆ. ಓದುವಾಗ ನಾವು ನಗುತ್ತೇವೆ, ಆದರೆ ಆ ಕ್ಷೌರಿಕನ ಕುರ್ಚಿಯಲ್ಲಿ ಕುಳಿತು, ಅವನ ಮಾತನ್ನು ಕೇಳುತ್ತ, ಅವನ ಕೋಳಿಗಳನ್ನೂ ಮಗಳನ್ನೂ ಬಲ್ಲವರಾಗಿ ನಗುತ್ತೇವೆ. ಅರ್ಥಶಾಸ್ತ್ರವನ್ನು ಬಲ್ಲ ಲೇಖಕನಿಗೆ ಆ ವ್ಯವಹಾರ ಹೇಗೆ ಕೊನೆಗಾಣುವುದೆಂಬುದು ಮೊದಲೇ ಗೊತ್ತು. ಗೊತ್ತಿದ್ದೂ ಕ್ಷೌರಿಕನಿಗಿಂತ ತಾನು ಜಾಣನೆಂಬ ಧ್ವನಿ ಎಲ್ಲಿಯೂ ಇಲ್ಲ. ಭಂಗಿಯ ಊರುಗಳನ್ನು ಕುರಿತು ಬರೆದವರಲ್ಲಿ ಈ ಗುಣದ ಒಂದು ಗುಲಗಂಜಿಯೂ ನಮಗೆ ಕಾಣಲಿಲ್ಲ. ಲೀಕಾಕರ ಪುಸ್ತಕ ನಮ್ಮ ಶಾಲೆಗಳ ವಾಚನಾಲಯಗಳಲ್ಲಿ ಇರತಕ್ಕದ್ದು, ಭಾವಾನುವಾದಕ್ಕೂ ಯೋಗ್ಯವಾದದ್ದು.

ಕೆನಡದ ಊರೊಂದೇ ಈ ದಾರಿಯನ್ನು ಹಿಡಿಯಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮೋಹಾವಿ ಮರುಭೂಮಿಯಲ್ಲಿ ಅಡೆಲಾಂಟೊ ಎಂಬ ಊರಿದೆ. ಬಳಿಯ ವಾಯುಪಡೆಯ ನೆಲೆ ೧೯೯೨ರಲ್ಲಿ ಮುಚ್ಚಿದ ಮೇಲೆ ಊರಿಗೆ ಉಳಿದುದು ಸೆರೆಮನೆಗಳು. ೨೦೧೩ರಲ್ಲಿ ಪುರಸಭೆ ತನ್ನ ಬೊಕ್ಕಸ ಬರಿದಾಯಿತೆಂದು ತುರ್ತುಸ್ಥಿತಿಯನ್ನು ಘೋಷಿಸಿತು. ೨೦೧೫ರಲ್ಲಿ ಔಷಧದ ಭಂಗಿಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯಲು ಒಪ್ಪಿತು. ಬರಡು ಭೂಮಿಯ ಬೆಲೆ ಒಮ್ಮೆಲೇ ಮೇಲಕ್ಕೇರಿತು. ೨೦೧೭ರಲ್ಲಿ ಪುರಸಭಾ ಸದಸ್ಯರೊಬ್ಬರು ಲಂಚದ ಆರೋಪದ ಮೇಲೆ ಸೆರೆಯಾದರು. ೨೦೨೧ರಲ್ಲಿ, ಅಷ್ಟರಲ್ಲಿ ಮಾಜಿಯಾಗಿದ್ದ ಪುರಾಧ್ಯಕ್ಷರೂ ಅದೇ ಬಗೆಯ ಆರೋಪದ ಮೇಲೆ ಸೆರೆಯಾದರು. ಅಡೆಲಾಂಟೊ ಎಂಬುದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಮುನ್ನಡೆಯೆಂದರ್ಥ. ಮುಂಗಡವೆಂಬ ಅರ್ಥವೂ ಇದೆ. ಹೆಸರಿಟ್ಟವರು ಭವಿಷ್ಯಜ್ಞಾನಿಗಳಾಗಿದ್ದಿರಬೇಕು. ಅದೇ ಮರುಭೂಮಿಯ ನಿಪ್ಟನ್ ಎಂಬ ಹಳ್ಳಿಯನ್ನು ೨೦೧೭ರಲ್ಲಿ ಭಂಗಿಯ ಕಂಪೆನಿಯೊಂದು ಇಡಿಯಾಗಿ ಕೊಂಡು, ಮರುವರ್ಷವೇ ಮಾರಿಬಿಟ್ಟಿತು. ಆ ಹಳ್ಳಿಗೆ ಆಶಾಗದ್ಯವನ್ನು ಪೂರ್ತಿ ಓದಿ ಮುಗಿಸಲೂ ಸಮಯ ಸಿಗಲಿಲ್ಲ.

ಸ್ಮಿತ್ಸ್ ಫಾಲ್ಸಿನ ಉತ್ತರಕಾಂಡವನ್ನು ಬೇಗ ಹೇಳಬಹುದು, ಅದನ್ನು ಬರೆದವರೂ ಬೇಗಬೇಗನೆ ಬರೆದು ಮುಗಿಸಿದ್ದಾರೆ. ಎಲ್ಲರೂ ಬೆಳೆದರು; ಬೆಳೆದುದು ಮಾರಾಟಕ್ಕಿಂತ ಬಹಳ ಹೆಚ್ಚಾಯಿತು; ದೇಶದಲ್ಲಿ ನೂರಾರು ಟನ್ ಸರಕನ್ನು ನಾಶಮಾಡಬೇಕಾಯಿತು. ೨೦೧೯ರ ಜುಲೈಯಲ್ಲಿ ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ಬ್ರೂಸ್ ಲಿಂಟನ್ನರನ್ನು ಆಡಳಿತ ಮಂಡಲಿಯೇ ತೆಗೆದುಹಾಕಿತು. ೨೦೨೦ರ ಮಾರ್ಚಿಯಲ್ಲಿ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾದಲ್ಲಿದ್ದ ಅದರ ಸುಮಾರು ೩೦ ಲಕ್ಷ ಚದರಡಿಯ ಗಾಜಿನ ಮನೆಗಳು ಮುಚ್ಚಿದವು. ೨೦೨೩ರ ಫೆಬ್ರವರಿಯಲ್ಲಿ ೮೦೦ ಮಂದಿಯನ್ನು ಬಿಡಿಸುವುದಾಗಿಯೂ ಹರ್ಶಿ ರಸ್ತೆಯ ಕಾರ್ಖಾನೆಯನ್ನು ಮುಚ್ಚುವುದಾಗಿಯೂ ಪ್ರಕಟಣೆ ಬಂತು. ಅದೇ ವರ್ಷ ಕಟ್ಟ ಕಡೆಗೆ ಆ ಕಟ್ಟಡವನ್ನು ಕೊಂಡವರು ಯಾರು? ಹರ್ಶಿ ಕಂಪೆನಿಯವರೇ. ಕೊಟ್ಟ ಬೆಲೆ ಸುಮಾರು ೫ ಕೋಟಿ ೩೦ ಲಕ್ಷ ಕೆನಡಿಯನ್ ಡಾಲರು. ಕಾದಂಬರಿಕಾರನು ಹೀಗೆ ಮುಗಿಸಿದ್ದರೆ ಅಸಂಭಾವ್ಯವೆಂದು ನಾವು ಬೈದೇವು. ಹಳೆಯ ನಾಯಕನ ಪುನರಾಗಮನವನ್ನು ಕುರಿತು ಹೊಸ ಆಶಾಗದ್ಯ ಕೂಡಲೇ ಶುರುವಾಯಿತು. ಪರಿಮಳದ ರೂಪಕವನ್ನು ಈ ಸಲ ತಿರುಗಿಸಿ ಬರೆದಿದ್ದರು.

ನಮ್ಮ ಕಡೆಯವರು ಇದನ್ನೋದಿ ಪರದೇಶದವರ ಮರುಳುತನವೆಂದುಕೊಳ್ಳಬೇಕಾಗಿಲ್ಲ. ೧೯೭೦ರ ದಶಕದಲ್ಲಿ ಅಡಿಕೆತೋಟಗಳಲ್ಲಿ ಕೊಕ್ಕೋ ನೆಡಿಸಿದವರು ದಶಕ ಮುಗಿಯುವಷ್ಟರಲ್ಲಿ ಕೊಳ್ಳಲೊಲ್ಲದೆ ಹೋದರು. ಎಷ್ಟೋ ಮಂದಿ ಗಿಡಗಳನ್ನು ಕಡಿದರು. ಬೆಳೆಗಾರರದೇ ಸಹಕಾರ ಸಂಘ ನಡುವೆ ಬಂದು, ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆದ ಮೇಲೆ ಆ ಬೆಳೆ ನೆಲೆ ಕಂಡಿತು. ವೆನಿಲಾದ ಬಳ್ಳಿಗೆ ಅಂಥ ಸಂಘ ಯಾವುದೂ ಆಸರೆಯಾಗಲಿಲ್ಲ. ಇದೇ ಶತಮಾನದ ಮೊದಲ ವರ್ಷಗಳಲ್ಲಿ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಕಂಡ ಹಸಿಕೋಡನ್ನು ರಾತ್ರಿಯೆಲ್ಲ ಟಾರ್ಚು ಹಿಡಿದು ಕಾದವರು, ಅದು ನೂರಕ್ಕಿಳಿದಾಗ ಬಳ್ಳಿಯನ್ನು ಬಿಚ್ಚುವ ಗೋಜಿಗೂ ಹೋಗದೆ ಬಿಟ್ಟವರು, ಈ ಪತ್ರಿಕೆಯ ಓದುಗರಲ್ಲಿಯೇ ಇದ್ದಾರೆ.

ಆದರೆ ಗೇರುಗುಡ್ಡೆಯ ಮಾತು ಬೇರೆ. ಗೇರುಬೀಜವೂ ಒಂದು ಕಾಲಕ್ಕೆ ಡಾಲರು ತರುವ ಬೆಳೆಯೆಂದು ಇದೇ ಬಗೆಯ ಗದ್ಯದಲ್ಲಿ ಬಂದದ್ದು. ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದು, ಎಣ್ಮಕಜೆಯ ಪಡ್ರೆಯಂಥ ಹಳ್ಳಿಗಳ ಮನೆಗಳಲ್ಲಿ ಏಳಲಾರದ, ಮಾತಾಡಲಾರದ, ಸೆಳವು ಬರುವ ಮಕ್ಕಳು ಉಳಿದುದು ಲೋಕಕ್ಕೆ ತಿಳಿದಿದೆ. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ೨೦೧೭ರ ಜನವರಿಯಲ್ಲಿ ನೊಂದವರಿಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ರೋಗಿಯೆಂಬ ಪಾತ್ರವನ್ನು ಕಲ್ಪಿಸಿಕೊಳ್ಳಲು ಈ ಸೀಮೆಯ ಲೇಖಕನು ಪ್ರತಿಭೆಯನ್ನು ಕಷ್ಟಪಡಿಸಬೇಕಾಗಿಲ್ಲ.

ಚರ್ಚಾಕೂಟದ ಆ ಹುಡುಗನ ವಿಷಯಕ್ಕೆ ಬರುತ್ತೇವೆ. ಅವನ ಮಾತು ಎರವಲೆಂದು ಮೇಲೆ ಬರೆದೆವು. ಅದು ನಮ್ಮ ಓದಿನ ದೋಷ. ಕೂಟ ಮುಗಿದ ಮೇಲೆ ಅಧ್ಯಾಪಕ ಮಿತ್ರರೊಬ್ಬರು, ಅವನ ಮನೆ ಗೇರುಗುಡ್ಡೆಯ ಬುಡದಲ್ಲಿದೆಯೆಂದೂ ಅವನ ಅಕ್ಕ ಹುಟ್ಟಿದಂದಿನಿಂದ ಎದ್ದು ಕುಳಿತವಳಲ್ಲವೆಂದೂ ದಿನಕ್ಕೆ ಮೂರು ನಾಲ್ಕು ಸಲ ಸೆಳವು ಬರುವುದೆಂದೂ ತಿಳಿಸಿದರು. ಔಷಧವೆಂಬ ಪದವನ್ನು ಅವನು ಉಚ್ಚರಿಸಿದಾಗ ಅದರ ವಾಚ್ಯಾರ್ಥವನ್ನೇ ಉದ್ದೇಶಿಸಿದ್ದನು. ನಾವು ಲಕ್ಷಣೆಯನ್ನು ಹುಡುಕಿದೆವು, ಉಳಿದವರು ಹಾಸ್ಯವನ್ನು ಕಂಡರು.

ಮರುವಾರ ಅವನು ನಮ್ಮಲ್ಲಿಗೆ ಬಂದು, "ಮಾಸ್ಟ್ರೇ, ಆ ಊರಿನವರು ಸೆಳವಿನ ಮದ್ದು ಮಾಡಿದರೋ?" ಎಂದು ಕೇಳಿದನು. ಇಲ್ಲ, ಈ ಗಿಡದಿಂದ ಸೆಳವಿಗೆ ಒಂದು ಔಷಧ ಬಂದುದು ನಿಜ, ಅದನ್ನು ಮಾಡಿದ್ದು ಬ್ರಿಟನ್ನಿನ ಒಂದು ಕಂಪೆನಿ, ಹೆಸರು ಎಪಿಡಿಯೋಲೆಕ್ಸ್, ಮಕ್ಕಳಲ್ಲಿ ಕಾಣುವ ಎರಡು ಬಗೆಯ ಕಠಿಣವಾದ ಅಪಸ್ಮಾರಕ್ಕೆ ಅದನ್ನು ಕೊಡಬಹುದೆಂದು ಅಮೆರಿಕದ ಔಷಧ ಇಲಾಖೆ ೨೦೧೮ರ ಜೂನ್ ತಿಂಗಳಲ್ಲಿ ಒಪ್ಪಿತು, ನಿನ್ನ ಅಕ್ಕನ ಸೆಳವು ಆ ಬಗೆಯದೋ ಅಲ್ಲವೋ ಎಂಬುದನ್ನು ವೈದ್ಯರೇ ಹೇಳಬೇಕು ಎಂದೆವು. ಕ್ರಯ ಎಷ್ಟೆಂದು ಕೇಳಿದನು. ಅಮೆರಿಕದಲ್ಲಿ ಅದು ಮೊದಲು ಪೇಟೆಗೆ ಬಂದಾಗ ವರ್ಷಕ್ಕೆ ಸುಮಾರು ೩೨,೫೦೦ ಡಾಲರು ಎಂದೆವು. ಅವನು ನೋಟುಪುಸ್ತಕದ ಹಿಂದಿನ ಪುಟದಲ್ಲಿ ಅದನ್ನು ಬರೆದುಕೊಂಡನು. ಅದರ ಕೆಳಗೆ ೫,೦೦,೦೦೦ ಎಂದು ಬರೆದನು. ಡಾಲರಿಗೆ ಈಗ ಎಷ್ಟು ರೂಪಾಯಿಯೆಂದು ಕೇಳಿ, ಗುಣಿಸತೊಡಗಿದನು.